ಅವ್ವನ ಒಂದು ನಿಮಿಷ

ಎರಡು ಸಾವಿರದ ಇಸವಿ ಬಂತೆಂದರೆ ಕಂಪ್ಯೂಟರ್‌ಗೆ ತಾರೀಖೇ ತಿಳಿಯದಂತಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದ ಕಾಲ. ಸೊಲ್ಲಾಪುರದ ನಮ್ಮ ಮನೆಗೆ ಕಂಪ್ಯೂಟರ್ ಬಂದು ಆಗಿನ್ನೂ ಮೂರು ತಿಂಗಳು. ಮಾರಿದ ಅಂಗಡಿಯವನು ಆ ತೊಂದರೆಗೆ ಮದ್ದೆಂದು ಒಂದು ಸಿಡಿ ಕಳಿಸಿ, ಇದನ್ನು ಹಾಕಿಬಿಡಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ ಎಂದಿದ್ದ. ಅದೇ ನೋಡಿಕೊಂಡಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವತ್ತು, ಎಂಟು ದಿನ ನನ್ನ ಮನೆಯಲ್ಲಿದ್ದ ಅವ್ವ ಅಕ್ಕಲಕೋಟಕ್ಕೆ ವಾಪಸು ಹೊರಟಿದ್ದಳು. ಅವಳ ದನಿ ಹಿಡಿದಿಡಬೇಕೆಂಬ ಬುದ್ಧಿ ನನಗೆ ಬಂದದ್ದು ಅವಳು ಚೀಲ ಕಟ್ಟಿದ ಮೇಲೆ. ಬೆಳಿಗ್ಗೆ ಹಾಕಿದ್ದ ಸಿಡಿ ಕಂಪ್ಯೂಟರಿನೊಳಗೆ ತನ್ನ ಪಾಡಿಗೆ ಕೆಲಸ ನಡೆಸಿತ್ತು. ನಾನು ಮೈಕನ್ನು ಅವಳ ಮುಂದೆ ಹಿಡಿದೆ.

"ಇದರ ಮುಂದ ಏನ್ ಮಾತಾಡ್ಲೆವಾ? ಹೂಂ ಅನ್ನಾಕರ ಬರ್ತೈತೇನು ಇದಕ್ಕ?"

"ನಾ ಅಂತೀನಿ. ನಾ ಹುಟ್ಟಿದ ದಿನದ್ದು ಹೇಳು."

ಆ ಕಂಪ್ಯೂಟರ್ ಒಂದು ಸಲಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ದನಿ ಹಿಡಿಯುತ್ತಿರಲಿಲ್ಲ. ಅವ್ವ ಅಷ್ಟರಲ್ಲೇ ಹೇಳಿದಳು. "ಮೂರನೇದ್ದೂ ಹೆಣ್ಣು ಅಂತ ಎಲ್ಲಾರೂ ಮುಖ ಇಳಿಸಿ ಕುಂತಿದ್ರು. ನಿಮ್ಮಪ್ಪ ಹೋಗಿ ಪೇಢಾ ತಂದು ಓಣಿ ತುಂಬ ಹಂಚಿದ. ನಿಮ್ಮಜ್ಜಿ ಸಿಟ್ಟಿಗೆದ್ದು ಒಂದೂ ತಿನ್ನಲಿಲ್ಲ. ಆಮ್ಯಾಲ ಅಡಗಿ ಮನ್ಯಾಗ ಒಬ್ಬಾಕಿನ ನಾಕು ತಿಂದ್ಳು." ಅಷ್ಟು ಹೇಳಿ ನಕ್ಕಳು. ಆ ನಗುವೂ ಒಳಗೆ ಸೇರಿತು.

ಅವಳಿಗೆ ಅದನ್ನು ತಿರುಗಿ ಕೇಳಿಸಿದೆ. "ಇದು ನಂದಲ್ಲ, ನಮ್ಮಕ್ಕನ ದನಿ" ಎಂದಳು.

ಹಿಡಿದ ದನಿಯನ್ನು ಕಂಪ್ಯೂಟರಿನಲ್ಲಿ ಒಂದು ಹೆಸರು ಕೊಟ್ಟು ಉಳಿಸಬೇಕಿತ್ತು. ಏನು ಹೆಸರಿಡಲಿ ಎಂದು ಯೋಚಿಸುವಷ್ಟರಲ್ಲಿ ಅವಳು ಎಸ್‌ಟಿ ಬಸ್ಸು ತಪ್ಪುತ್ತದೆಂದು ಎದ್ದಳು. ಕಳಿಸಿ ಬಂದು ಉಳಿಸಿದರಾಯಿತು ಎಂದುಕೊಂಡೆ. ಬಾಗಿಲ ಬಳಿ ಅವಳ ಹಣೆಗೆ ಕುಂಕುಮ ಹಚ್ಚುವಾಗ ಪರದೆಯ ಮೇಲೆ ಅಂಕಿಗಳು ಇಳಿಯುತ್ತಿರುವುದು ಕಂಡಿತು. ಹದಿನಾಲ್ಕು, ಹದಿಮೂರು. ಏನೆಂದು ಅರ್ಥವಾಗಲಿಲ್ಲ. ಅವ್ವ "ಬರ್ತೀನ್ವಾ" ಎಂದು ಹೊಸ್ತಿಲು ದಾಟಿದಳು. ನಾನು ಒಳಗೆ ಓಡುವಷ್ಟರಲ್ಲಿ ಪರದೆ ಕಪ್ಪಾಗಿ, ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ಎಲ್ಲ ಹೋಗಿತ್ತು.

ಹೊರಗೆ ಬಂದೆ. ಅವ್ವ ಇನ್ನೂ ಪಕ್ಕದ ಮನೆಯ ನಲ್ಲಿಯ ಹತ್ತಿರವೇ ಇದ್ದಳು. ಕೂಗು ಗಂಟಲಿಗೆ ಬಂತು, ನುಂಗಿಕೊಂಡೆ. ಹೊರಟವರನ್ನು ಹಿಂದಿನಿಂದ ಕರೆಯಬಾರದು. ಹಾಗೆ ಕರೆದದ್ದಕ್ಕೆ ಚಿಕ್ಕಂದಿನಲ್ಲಿ ಅವಳ ಕೈಯಿಂದಲೇ ಏಟು ತಿಂದವಳು ನಾನು. ದೀಪಾವಳಿಗೆ ಬರುತ್ತಾಳಲ್ಲ, ಆಗ ಮತ್ತೆ ಹೇಳಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಅಂಗಡಿಯವನು ಬಂದು ತೋರಿಸಿಕೊಟ್ಟ. "ಸಿಡಿ ಚಾಲೂ ಮಾಡೂ ಮುಂದ ಇಲ್ಲೊಂದು ಟಿಕ್ ಇರ್ತದ್ರಿ ವಹಿನಿ. ಅದನ್ನ ತಗದ್ರ ಮುಗೀತು. ನಿಮ್ಮನ್ನ ಕೇಳದ ಬಂದ್ ಆಗೂದಿಲ್ಲ."

ತೆಗೆದೆ. ಆಮೇಲೆ ಅದು ಒಮ್ಮೆಯೂ ನನ್ನನ್ನು ಕೇಳದೆ ನಿಲ್ಲಲಿಲ್ಲ.

ಅವ್ವ ದೀಪಾವಳಿಗೆ ಬರಲಿಲ್ಲ. ಅದಕ್ಕೆ ಹದಿನೈದು ದಿನ ಮೊದಲೇ ಅಕ್ಕಲಕೋಟದಲ್ಲಿ, ಊಟ ಮಾಡಿ ಮಲಗಿದವಳು ಏಳಲೇ ಇಲ್ಲ. ಅವಳು ಹೇಳಿದ ಮಾತು ಒಂದೂ ಬಿಡದೆ ನೆನಪಿದೆ. ಆದರೆ ನನ್ನ ತಲೆಯೊಳಗೆ ಅದನ್ನು ನನ್ನ ದನಿಯೇ ಹೇಳುತ್ತದೆ. ಕಣ್ಣು ಮುಚ್ಚಿ ಕೂತು ಎಷ್ಟು ಹುಡುಕಿದರೂ ಆ ನಗು ಕೇಳಿಸುವುದಿಲ್ಲ.

ಅವಳ ದಿನಕರ್ಮ ಮುಗಿಸಿ ಸೊಲ್ಲಾಪುರಕ್ಕೆ ಮರಳುವಾಗ, ತುಂಬಿದ ಬಸ್ಸಿನಲ್ಲಿ ನಿಂತಿದ್ದವಳಿಗೆ ತಟ್ಟನೆ ಹೊಳೆಯಿತು. ಹಿಂದಿನಿಂದ ಕರೆಯಬಾರದಿತ್ತು, ಸರಿ. ಹತ್ತು ಹೆಜ್ಜೆ ಓಡಿ ಅವಳ ಮುಂದೆ ಹೋಗಿ ನಿಲ್ಲಬಹುದಿತ್ತಲ್ಲ.