ಹತ್ತು ಮಂಚಗಳ ವಾರ್ಡು

ಭಾಲ್ಕಿಯ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದ ಫ್ಲಾರೆನ್ಸ, ನೆನಪಿಡಬೇಕಾದುದನ್ನೆಲ್ಲ ಮಂಚಗಳ ಮೇಲೆ ಮಲಗಿಸುತ್ತಿದ್ದರು. ಕಣ್ಣು ಮುಚ್ಚಿದರೆ ಸಾಕು, ಹತ್ತು ಮಂಚಗಳ ಹಳೆಯ ವಾರ್ಡು ಬಿಳಿ ಬೆಳಕಿನಲ್ಲಿ ತೆರೆದುಕೊಳ್ಳುತ್ತಿತ್ತು. ಒಂದನೇ ಮಂಚದಲ್ಲಿ ತೊಗರಿಬೇಳೆ, ಎರಡನೆಯದರಲ್ಲಿ ಸಾಬೂನು, ಮೂರನೆಯದರಲ್ಲಿ ಚರ್ಚಿನ ಮೀಟಿಂಗು. ಪರದೆಗಳು ಮೆಲ್ಲಗೆ ಅಲುಗುತ್ತಿದ್ದವು, ಯಾರೂ ನರಳುತ್ತಿರಲಿಲ್ಲ.

ಗಂಡನಿಗೆ ಮರೆವು ಹೆಚ್ಚಾದಾಗ ಬೀದರಿನ ಡಾಕ್ಟರ್ ಮುಸರ್ರತ ಗಂಡಹೆಂಡತಿ ಇಬ್ಬರಿಗೂ ಹತ್ತು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಔರಾದಿನಲ್ಲಿ ಮಾಸ್ತರರಾಗಿದ್ದ ಎಡ್ವರ್ಡರಿಗೆ ಎರಡು ಸಿಕ್ಕವು. ಫ್ಲಾರೆನ್ಸ ಹತ್ತನ್ನೂ ಸಾಲಾಗಿ ಹೇಳಿದರು.

"ಸಿಸ್ಟರ್, ನಿಮ್ಮ ನೆನಪು ನನ್ನಕಿಂತ ಪಕ್ಕಾ ಅದ ನೋಡ್ರಿ!" ಎಂದರು ಡಾಕ್ಟರು.

ಎಡ್ವರ್ಡರಿಗೆ ಅಲ್ಝೈಮರ್ ಎಂದಾಯಿತು. ದಿನಾ ಬೆಳಿಗ್ಗೆ ಅವರಿಗೆ ಇನ್ಸುಲಿನ್ ಚುಚ್ಚುವ ಕೆಲಸ ಫ್ಲಾರೆನ್ಸರ ಕೈಯಲ್ಲೇ ಉಳಿಯಿತು.

ಜನವರಿಯ ಒಂದು ಬೆಳಿಗ್ಗೆ ಎಡ್ವರ್ಡ ಬೆವತು ನಡುಗತೊಡಗಿದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಗಳು ಶರೋನ ಸಕ್ಕರೆ ನೀರು ಕುಡಿಸಿದಳು. ಅವರು ಸುಧಾರಿಸಿಕೊಂಡ ಮೇಲೆ ಇನ್ಸುಲಿನ್ ಬಾಟಲಿಯನ್ನು ಬೆಳಕಿಗೆ ಹಿಡಿದಳು. ನಾನೂರು ಯೂನಿಟ್, ದಿನಕ್ಕೆ ಹದಿನಾರು: ಇಪ್ಪತ್ತೈದು ದಿನ ಬರಬೇಕು. ಇಪ್ಪತ್ತನೇ ದಿನಕ್ಕೇ ಖಾಲಿ.

"ಅವ್ವಾ, ಐದು ಸೂಜಿ ಹೆಚ್ಚಾಗ್ಯಾವ."

"ನನಗ ಕಲಸ್ತಿ? ನೀ ಹುಟ್ಟೂಕಿಂತ ಮೊದಲಿಂದ ಸೂಜಿ ಹಿಡದೇನಿ."

"ಹಂಗಾದ್ರ ಇವತ್ತ ಎಷ್ಟು ಸಲ ಚುಚ್ಚೀದಿ, ಹೇಳು."

ಫ್ಲಾರೆನ್ಸ ಕಣ್ಣು ಮುಚ್ಚಿದರು. ಡಾಕ್ಟರು ಹೇಳಿದ ಹತ್ತೂ ಪದಗಳು ಹತ್ತು ಮಂಚಗಳಲ್ಲಿ ಇನ್ನೂ ಹಾಯಾಗಿ ಮಲಗಿದ್ದವು. ಇವತ್ತಿನ ಬೆಳಗನ್ನು ಹುಡುಕುತ್ತ ಅವರು ವಾರ್ಡಿನ ತುದಿಯವರೆಗೆ ನಡೆದರು. ಕಿಟಕಿಯಿಂದ ಮಂಜು ಒಳಗೆ ಬರುತ್ತಿತ್ತು. ಬೆಳಗು ಯಾವ ಮಂಚದಲ್ಲೂ ಇರಲಿಲ್ಲ.

ಪದಗಳನ್ನು ನೆನಪಿಡುವುದರಲ್ಲಿ ಹೆಂಗಸರು ಸಾಮಾನ್ಯವಾಗಿ ಮುಂದು. ಆದ್ದರಿಂದ ರೋಗ ಶುರುವಾಗಿದ್ದರೂ ಇಂಥ ಪರೀಕ್ಷೆಯಲ್ಲಿ ಪಾಸಾಗಬಹುದು. ಜೀವಕೋಶದೊಳಗೆ ಇಂಧನ ಹೊತ್ತೊಯ್ಯುವ ಕಾರ್ನಿಟೀನ್ ಎಂಬ ವಸ್ತು ರೋಗವಿರುವ ಹೆಂಗಸರ ರಕ್ತದಲ್ಲಿ ಕಡಿಮೆಯಾಗಿದ್ದು, ಗಂಡಸರಲ್ಲಿ ಹಾಗೆ ಕಾಣಲಿಲ್ಲವೆಂದು ಒಂದು ಅಧ್ಯಯನದಲ್ಲಿ ಶರೋನ ಓದಿದ್ದಳು. ಅದನ್ನೆಲ್ಲ ಆಗ ಹೇಳಲಿಲ್ಲ.

"ಬ್ಯಾನಿ ಒಂದೇ ಅವ್ವಾ, ಅಪ್ಪನೊಳಗ ಬಂದಂಗ ನಿನ್ನೊಳಗ ಬರೂದಿಲ್ಲ. ನಿನ್ನೂ ಡಾಕ್ಟರಿಗೆ ತೋರಸೂಣು," ಎಂದಷ್ಟೇ ಹೇಳಿದಳು.

ಮರುದಿನ ಇನ್ಸುಲಿನ್ ಕೊಡಬಹುದೇ ಎಂದು ಶರೋನ ಡಾಕ್ಟರಿಗೆ ಫೋನಿನಲ್ಲಿ ಕೇಳಿ ಹೊಸ ಬಾಟಲಿ ತೆರೆದಳು. ಫ್ಲಾರೆನ್ಸ ಹದಿನಾರು ಯೂನಿಟ್ ಎಳೆದು, ಗುಳ್ಳೆ ಹೊರಹಾಕಿ, ಸಿರಿಂಜನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗಳ ಕೈಗೆ ಕೊಟ್ಟರು.

"ನೀ ಚುಚ್ಚು. ಚುಚ್ಚಿದ ಕೂಡ್ಲೆ ಬರದಿಡು. ನಾ ಕೇಳಿದ್ರೂ ಕೊಡಬ್ಯಾಡ."

ಎಡ್ವರ್ಡ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೊಸ ಸಿಸ್ಟರೇನ್ರಿ ಇವ್ರು? ಸೂಜಿ ಹಿಡಿಯೂದೂ ಬರೂದಿಲ್ಲಲ್ಲ!"

"ಇವತ್ತ ಡ್ಯೂಟಿಗೆ ಬಂದಾಳ್ರಿ, ಬೈಬ್ಯಾಡ್ರಿ," ಎಂದು ಫ್ಲಾರೆನ್ಸ ಅವರ ಮಂಚದ ಹತ್ತಿರ ಬಂದರು. "ಈಗ ನಾನೂ ಪೇಷಂಟ್ ಆಗೇನಿ. ಸ್ವಲ್ಪ ಆ ಕಡೆ ಸರೀರಿ."