ಭರಣಿಗೊಂದು ಮುಚ್ಚಳ

ಜಪಾನಿನ ಆ ಕುಂಬಾರರ ಊರಿಗೆ ನಾನು ಹೋದದ್ದು ಮುಚ್ಚಳ ಹುಡುಕಿಕೊಂಡು. ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಮನೆ ಬದಲಿಸುವಾಗ, ಅಮ್ಮ ಕೊಟ್ಟಿದ್ದ ಉಪ್ಪಿನಕಾಯಿ ಭರಣಿಯ ಮುಚ್ಚಳ ಒಡೆದಿತ್ತು. ತಟ್ಟೆ ಮುಚ್ಚಿಟ್ಟು ನೋಡಿದೆ, ಉಪ್ಪಿನಕಾಯಿಗೆ ಬೂಸು ಹಿಡಿಯಿತು.

"ಗಾಜಿನ ಡಬ್ಬಿ ತಗೊಳ್ಳೇ. ಭರಣೀಲಿ ಕೊಡೆ ಇಟ್ಕೊಳ್ಳೋಣ" ಎಂದರು ಮನೆಯವರು.

ಶನಿವಾರದ ಸಂತೆಯಲ್ಲಿ ಉಪ್ಪಿನಕಾಯಿ ಮಾರಿಯೇ ಈ ಊರಲ್ಲಿ ಕಾಲೂರಿದವಳು ನಾನು. ಭರಣಿಯನ್ನು ಕೊಡೆಗೆ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಆಗ ಮಗಳು ಜಪಾನಿನಲ್ಲಿ ಓದುತ್ತಿದ್ದಳು. ಅವಳನ್ನು ನೋಡಲು ಹೊರಟಾಗ ಭರಣಿಯ ಬಾಯಿಗೆ ದಾರ ಸುತ್ತಿ, ಅಳತೆಗೆ ಗಂಟು ಹಾಕಿ ಪರ್ಸಿಗೆ ಸೇರಿಸಿದೆ. ಮುಚ್ಚಳ ಕೊಳ್ಳುವವರು ಕಣ್ಣಂದಾಜು ನಂಬಬೇಡಿ, ದಾರ ಒಯ್ಯಿರಿ.

ಆ ಊರಲ್ಲಿ ಓಣಿಯ ಗೋಡೆಗಳಿಗೂ ಹಳೆಯ ಹೂಜಿಗಳನ್ನು ಸೇರಿಸಿ ಕಟ್ಟಿದ್ದರು. ಆದರೆ ಎಲ್ಲ ಅಂಗಡಿಯಲ್ಲೂ ಒಂದೇ ಉತ್ತರ: ಮುಚ್ಚಳ ಬೇಕಾದರೆ ಜಾಡಿಯನ್ನೂ ಕೊಳ್ಳಿ. ಕೊನೆಯ ಅಂಗಡಿಯ ಹಲಗೆಯೊಂದರ ಮೇಲೆ ಬರೀ ಮುಚ್ಚಳಗಳಿದ್ದವು. ಸುಡುವಾಗ ಒಡೆದುಹೋದ ಜಾಡಿಗಳವು, ಮಾರಾಟಕ್ಕಲ್ಲ ಎಂದರು ಕುಂಬಾರ ಹೆಂಗಸು.

ನಾನು ಸುಮ್ಮನೆ ಚಹಾ ಬಟ್ಟಲು ಆರಿಸತೊಡಗಿದೆ. ಹೇಗೂ ಬೇಕಿದ್ದವು. ಹಣ ಕೊಟ್ಟಾದ ಮೇಲೆ ಜೊತೆಗೆ ಬಂದಿದ್ದ ಮಗಳ ಕಡೆ ತಿರುಗಿದೆ. ಅವಳಿಗೆ ನನ್ನ ಮುಖ ಓದಲು ಬರುತ್ತದೆ.

"ಸ್ನೆಲ್ಲ, ಅಮ್ಮ" ಎಂದು ಸ್ವೀಡಿಷ್‌ನಲ್ಲಿ ಅಂಗಲಾಚಿದಳು. "ಇಲ್ಲಿ ಯಾರೂ ಬಾರ್ಗೇನ್ ಮಾಡಲ್ಲ. ಮಾನ ಕಳೀಬೇಡ."

"ಬಾರ್ಗೇನ್ ಎಲ್ಲಿ ಮಾಡ್ದೆ? ಹೇಳಿದ ರೇಟೇ ಕೊಟ್ಟಿದೀನಿ. ಈಗ ಕೊಸರು ಕೇಳು."

"ಕೊಸರು ಅಂದ್ರೆ?"

"ತರಕಾರಿ ತಗೊಂಡ್ಮೇಲೆ ಮೇಲಿಂದ ಒಂಚೂರು ಕೊತ್ತಂಬರಿ ಹಾಕ್ತಾರಲ್ಲ, ಅದು."

"ಇದು ತರಕಾರಿ ಅಂಗಡೀನಾ? ಕೊತ್ತಂಬರಿ ಎಲ್ಲಿದೆ?"

"ಮುಚ್ಚಳ ಇದೆಯಲ್ಲ!"

ಪಾಪ, ಅವಳು ಗೊತ್ತಿದ್ದ ಜಪಾನಿಯನ್ನೆಲ್ಲ ಖರ್ಚು ಮಾಡಿ, ಕಡೆಗೆ ನನ್ನ ಚೀಲಕ್ಕೆ ಏನೋ ಹಾಕಿದಂತೆ ಕೈ ಆಡಿಸಿ ತೋರಿಸಿದಳು. ಆ ಹೆಂಗಸು ಒಂದು ಕ್ಷಣ ನೋಡಿ, "ಓ, ಒಮಾಕೆ!" ಎಂದು ನಕ್ಕರು. ಕೊಸರಿಗೆ ಅವರಲ್ಲೂ ಒಂದು ಪದವಿತ್ತು! ಹಲಗೆಯನ್ನೇ ಎತ್ತಿ ನನ್ನ ಮುಂದಿಟ್ಟರು.

ದಾರಕ್ಕೆ ಸರಿಯಾಗಿ ಯಾವುದೂ ಕೂರಲಿಲ್ಲ. ತುಸು ದೊಡ್ಡದನ್ನು ಆರಿಸಿದೆ. ದೊಡ್ಡದಾದರೆ ಬಟ್ಟೆ ಕಟ್ಟಿ ಬಿಗಿ ಮಾಡಬಹುದು, ಚಿಕ್ಕದಾದರೆ ಏನೂ ಮಾಡಲಾಗದು.

ಹೊರಗೆ ಬಂದ ಮೇಲೆ ಮಗಳು ಕೇಳಿದಳು, "ನನ್ನ ಟೀಪಾಟ್‌ಗೂ ಒಂದು ಕೇಳ್ಬಹುದಿತ್ತಲ್ಲಮ್ಮ?"

ಈಗ ಬಿಳಿ ಭರಣಿಯ ಮೇಲೆ ಕಂದು ಮುಚ್ಚಳ, ಯಾರದೋ ಟೋಪಿ ಹಾಕಿಕೊಂಡಂತೆ. ಕೆಳಗೆ ಬಟ್ಟೆ ಕಟ್ಟಿದ್ದೇನೆ. ಈ ಸಲದ ನಿಂಬೆಕಾಯಿಗೆ ಬೂಸು ಬಂದಿಲ್ಲ. ಮನೆಯವರ ಕೊಡೆ ಬಾಗಿಲ ಹಿಂದೆಯೇ ನೇತಾಡುತ್ತಿದೆ.