ಜಿನ್ನವ್ವ ಮುಚ್ಚಿದ ತೂತು

ಬೆಲ್ಲದ ಬಾಗೇವಾಡಿಯ ಜಿನ್ನವ್ವನಿಗೆ ಅಂಜದೆ ಕಳೆದ ದಿನವೇ ನೆನಪಿರಲಿಲ್ಲ. ನೀರು ಸೋಸುವಾಗ ಅಂಜಿಕೆ, ದೀಪ ಹಚ್ಚುವಾಗ ಅಂಜಿಕೆ; ಅಂಗಳ ಗುಡಿಸುವಾಗಲಂತೂ ಕಸಬರಿಗೆಯನ್ನು ನೆಲಕ್ಕೆ ತಾಗಿಸಲೋ ಬೇಡವೋ ಎಂಬಂತೆ ಆಡಿಸುತ್ತಿದ್ದಳು. ತನ್ನ ಕೈಯಿಂದ ಎಲ್ಲಿ ಒಂದು ಇರುವೆಯ ಜೀವ ಹೋದೀತೋ ಎಂಬುದೇ ಚಿಂತೆ. ಮಳೆಗಾಲದಲ್ಲಿ ಕೇಳುವುದೇ ಬೇಡ, ಹುಳಹುಪ್ಪಡಿ ಹೆಚ್ಚಿದಷ್ಟೂ ಮುದುಕಿಯ ನಿದ್ದೆ ಕಡಿಮೆ. ಜೈನರ ಓಣಿಯಲ್ಲಿ ಪಾಪಕ್ಕೆ ಹೆದರುವವರು ಬೇಕಾದಷ್ಟಿದ್ದರು, ಆದರೆ ಇಷ್ಟು ಹೆದರುವವಳು ಇವಳೊಬ್ಬಳೇ.

ಅಂಥ ಮನೆಗೆ ಮಗ ಬಾಬಾಸಾಹೇಬ ಒಂದು ಮೋಟಾರು ತಂದು ನಿಲ್ಲಿಸಿದ. ಯಾವುದೋ ಸಂಸ್ಥಾನದ ದೊರೆ ಹತ್ತಿ ಹತ್ತಿ ಬೇಸತ್ತು ಮಾರಿದ ವಿಲಾಯತಿ ಗಾಡಿ. ಮಖಮಲ್ಲಿನ ಆಸನ, ಕಿಟಕಿಗೆ ರೇಷ್ಮೆಯ ಪರದೆ. ವೈಭವಕ್ಕೇನೂ ಕೊರತೆಯಿರಲಿಲ್ಲ, ವಯಸ್ಸಾಗಿತ್ತು ಅಷ್ಟೇ. ತಣ್ಣಗಿದ್ದರೆ ಕೆಮ್ಮುತ್ತಿತ್ತು, ಬಿಸಿಯಾದರೆ ಮುನಿಯುತ್ತಿತ್ತು. ಆ ಮುನಿಸು ಬಿಡಿಸಲಿಕ್ಕೆಂದೇ ಡ್ರೈವರ್ ಲಗಮಪ್ಪನನ್ನು ಇಟ್ಟುಕೊಂಡಿದ್ದರು.

ಜಿನ್ನವ್ವ ಅದರ ಹತ್ತಿರ ಸುಳಿದದ್ದು ಒಂದೇ ಸಲ. ಹಿಂದಿನ ಪೆಟ್ರೋಲ್ ಟಾಕಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತು ಕಂಡಿತು, ತೂತಿನ ಅಂಚಿನಲ್ಲಿ ಒಂದು ಇರುವೆ. ಒಳಗೆ ಬಿದ್ದು ಎಷ್ಟು ಜೀವ ಸಾಯುತ್ತಿವೆಯೋ ಎಂದುಕೊಂಡಳು. ಇರುವೆಯನ್ನು ಮೆಲ್ಲಗೆ ಊದಿ ಓಡಿಸಿ, ಹತ್ತಿಗೆ ಸುಣ್ಣ ಕಲಸಿ, ಸೂಜಿಯಿಂದ ತೂತಿನೊಳಗೆ ತುರುಕಿ ಬಂದಳು. ಯಾರಿಗೂ ಹೇಳಲಿಲ್ಲ. ಪುಣ್ಯದ ಕೆಲಸಕ್ಕೆ ಡಂಗುರ ಹೊಡೆಸಬೇಕೆ?

ಮರುದಿನ ಬೆಳಿಗ್ಗೆ ಮೊಮ್ಮಗ ಬಾಹುಬಲಿಯ ಗಂಟಲು ಕಟ್ಟಿತು. ಇನ್ನೂ ನಾಲ್ಕು ತುಂಬದ ಕೂಸು. ಜ್ವರ ಮೊದಲೇ ಇತ್ತು. ಈಗ ಉಸಿರು ಎಳೆದರೆ ಸುಂಯ್ ಎಂಬ ಸದ್ದು, ಪಕ್ಕೆಗಳು ಒಳಕ್ಕೆ ಹೋಗುತ್ತಿದ್ದವು. ಊರಿನ ವೈದ್ಯರು ಬಾಯಿ ತೆರೆಸಿ ನೋಡಿ, ಒಳಗೆಲ್ಲ ಬಿಳಿ ಪೊರೆ ಕಟ್ಟಿದೆ, ಸಂಜೆಯ ತನಕ ತಾಳುವುದಿಲ್ಲ, ಈಗಲೇ ಗೋಕಾಕದ ದವಾಖಾನೆಗೆ ಒಯ್ಯಿರಿ ಎಂದರು. ಹುಡುಗನ ತಾಯಿ ಹಸಿ ಬಾಣಂತಿ, ಏಳುವಂತಿರಲಿಲ್ಲ. ಅಜ್ಜಿಯೇ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಗಾಡಿ ಹತ್ತಿದಳು.

ಗಾಡಿ ಗುರ್ ಎಂದು ಹೊರಟದ್ದು ಓಣಿ ದಾಟುವುದರೊಳಗೆ ಸತ್ತಿತು. ಲಗಮಪ್ಪ ಹ್ಯಾಂಡಲ್ ತಿರುವಿ ತಿರುವಿ ಬೆವೆತ. ಪ್ಲಗ್ಗು ಬಿಚ್ಚಿ ಒರೆಸಿದ, ಕಿಡಿ ಹಾರುತ್ತಿತ್ತು. ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದ, ಪೆಟ್ರೋಲ್ ತುಂಬಿತ್ತು. ಮುಚ್ಚಳ ಹಾಕಿ ತಿರುವಿದರೆ ಗಾಡಿ ಎದ್ದಿತು. ಊರ ಹೊರಗಿನ ಜೋಳದ ಹೊಲದವರೆಗೆ ಬಂದು ಮತ್ತೆ ನಿಂತಿತು. ಈ ಸಲ ಎಷ್ಟು ತಿರುವಿದರೂ ಹೂಂ ಅನ್ನಲಿಲ್ಲ.

ಕೂಸಿನ ತುಟಿ ನೀಲಿಯಾಗುತ್ತಿತ್ತು. ಜಿನ್ನವ್ವ ಸೆರಗಿನಿಂದ ಅವನಿಗೆ ಗಾಳಿ ಹಾಕುತ್ತಿದ್ದಳು. ಬಾಬಾಸಾಹೇಬ ಒಮ್ಮೆ ಮಗನ ಮುಖ ನೋಡುತ್ತಿದ್ದ, ಒಮ್ಮೆ ಲಗಮಪ್ಪನ ಮೇಲೆ ಹರಿಹಾಯುತ್ತಿದ್ದ. ಎಲ್ಲ ಸರಿಯಿದೆ, ಆದರೂ ಯಾಕೆ ಏಳುತ್ತಿಲ್ಲವೋ ತಿಳಿಯದು, ಪೈಪಿನಲ್ಲಿ ಕಸ ಸಿಕ್ಕಿರಬೇಕು, ಎಲ್ಲ ಬಿಚ್ಚಿ ಊದಬೇಕು ಎಂದ ಲಗಮಪ್ಪ. ಎಷ್ಟು ಹೊತ್ತು ಎಂದು ಬಾಬಾಸಾಹೇಬ ಕೇಳುತ್ತಿದ್ದಂತೆಯೇ ಅವನು ಪೆಟ್ರೋಲ್ ಬಸಿಯಲೆಂದು ಮತ್ತೆ ಟಾಕಿಯ ಮುಚ್ಚಳ ತಿರುವಿದ.

ಮುಚ್ಚಳ ಸಡಿಲಾದೊಡನೆ ಒಳಗಿನಿಂದ ಸುಂಯ್ ಎಂದು ಗಾಳಿ ಎಳೆದುಕೊಂಡ ಸದ್ದು ಬಂತು.

ಜಿನ್ನವ್ವ ತೊಡೆಯ ಮೇಲಿನ ಕೂಸನ್ನು ನೋಡಿದಳು. ಅದೇ ಸದ್ದು. ಬೆಳಗಿನಿಂದ ಅದನ್ನೇ ಕೇಳುತ್ತಿದ್ದಳು, ತಪ್ಪಾಗಿ ಕೇಳುವ ಮಾತೇ ಇರಲಿಲ್ಲ. ಯಾರ ಉಸಿರನ್ನು ಯಾರು ಕಟ್ಟಿದ್ದು ಎಂಬುದು ಒಮ್ಮೆಗೇ ತಿಳಿಯಿತು. ಇರುವೆಯ ಜೀವಕ್ಕೆ ಅಂಜಿದ ಅಂಜಿಕೆ ಈಗಿನ ಅಂಜಿಕೆಯ ಮುಂದೆ ಏನೂ ಅಲ್ಲ. ಹೇಳಿದರೆ ಮಗ ಇನ್ನೊಮ್ಮೆ ತನ್ನ ಮುಖ ನೋಡಿಯಾನೆ?

"ಲಗಮಪ್ಪಾ, ಅದಕ್ಕ ಉಸಿರ ಹೋಗವಲ್ದು," ಎಂದಳು. "ಮುಚ್ಚಳದಾಗ ಒಂದ ತೂತ ಇತ್ತು. ನಾನ ಮುಚ್ಚೇನಿ."

ಬಾಬಾಸಾಹೇಬ ತಿರುಗಿ ನೋಡಿದ. ಆ ನೋಟವನ್ನು ಎದುರಿಸಲಾರದೆ ಜಿನ್ನವ್ವ ತುರುಬಿನ ಪಿನ್ನು ಕಿತ್ತು ಲಗಮಪ್ಪನ ಕೈಗಿಟ್ಟಳು. ಅವನು ಮುಚ್ಚಳದ ಧೂಳು ಒರೆಸಿ, ಚುಚ್ಚಿ, ಸುಣ್ಣದ ಹತ್ತಿಯನ್ನು ಹೊರಗೆಳೆದ. ಟಾಕಿಯೊಳಗೆ ಗಾಳಿ ಹೋಗಿ, ಕಟ್ಟಿಕೊಂಡಿದ್ದ ಪೆಟ್ರೋಲ್ ಪೈಪಿಗೆ ಹರಿಯಿತು. ಹ್ಯಾಂಡಲ್ ತಿರುವಿದೊಡನೆ ಗಾಡಿ ಎದ್ದಿತು. ಆಮೇಲೆ ಗೋಕಾಕದ ತನಕ ಎಲ್ಲಿಯೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಮಗ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

ದವಾಖಾನೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಔಷಧ ಹತ್ತಲು ಹೊತ್ತು ಬೇಕು, ಅಷ್ಟರತನಕ ಹುಡುಗ ಉಳಿಯಬೇಕಾದರೆ ಕತ್ತಿನ ಕೆಳಗೆ ಕೊಯ್ದು ಗಾಳಿಗೆ ದಾರಿ ಮಾಡಬೇಕು, ನೀವು ಹೂಂ ಅನ್ನಬೇಕು ಎಂದರು. ಕೂಸಿನ ಕತ್ತಿಗೆ ಕತ್ತಿಯೆಂದೊಡನೆ ಬಾಬಾಸಾಹೇಬ ಗೋಡೆ ಹಿಡಿದು ನಿಂತ. ಡಾಕ್ಟರರು ಒರೆಸಿದ ಚಾಕುವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದುದು ಜಿನ್ನವ್ವನಿಗೆ ಕಂಡಿತು. ಅಂಜುವ ಕೈ ಆಕೆಗೆ ಹೊಸದಲ್ಲ.

"ತೂತ ಮಾಡ್ರಿ," ಎಂದಳು. "ನೀವು ಅಂಜಬ್ಯಾಡ್ರಿ. ಅಂಜಾಕ ನಾ ಇಲ್ಲೆ ಕುಂತೇನಿ."

ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ದಾದಿ ಬಂದು ಕರೆದಳು. ಹುಡುಗ ಮಲಗಿದ್ದ, ಎದೆ ಸಲೀಸಾಗಿ ಏರಿ ಇಳಿಯುತ್ತಿತ್ತು. ಬಾಬಾಸಾಹೇಬ ತಾಯಿಯ ಕೈ ಹಿಡಿದುಕೊಂಡ. ಆಗ ಮುದುಕಿ ಅತ್ತಳು.